ಬೆಕ್ಕಿನ ಮುಖದ ಫೋಲ್ಡರ್

ಶಿರಸಿ,
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾರವಾರದ ಕೋಣೆಯಲ್ಲಿ ಹೊಸ ಕಂಪ್ಯೂಟರ್ ಇಟ್ಟ ಫೋಟೊ ನೋಡಿದೆ. ಪರದೆಯ ತುಂಬ ಬಣ್ಣಬಣ್ಣದ ಫೋಲ್ಡರುಗಳು, ಒಂದರ ಮೇಲೆ ಬೆಕ್ಕಿನ ಮುಖ ಬೇರೆ! ನಗು ಬಂತು. ಇದೇ ಹುಚ್ಚು ನನಗೂ ಹಿಡಿದು, ಆಮೇಲೆ ಬಿಟ್ಟುಹೋದದ್ದರಿಂದ ಎರಡು ಮಾತು ಬರೆಯುತ್ತೇನೆ.

2024ರ ಮಾರಿಕಾಂಬಾ ಜಾತ್ರೆಯ ಫೋಟೊಗಳ ಫೋಲ್ಡರಿಗೆ ತೇರಿನ ಐಕಾನ್ ಹಾಕಿದ್ದೆ. ತೋಟದ ಲೆಕ್ಕಕ್ಕೆ ಅಡಿಕೆ ಗೊನೆ. ಚಿತ್ರವೇ ಇರುವಾಗ ಹೆಸರೇಕೆ ಎಂಬ ಸೊಕ್ಕಿನಲ್ಲಿ ‘ಹೊಸದು’, ‘ಹೊಸದು 2’, ‘ಹೊಸದು 3’ ಎಂದೇ ಬಿಟ್ಟಿದ್ದೆ. ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಯ ನಿನ್ನ ಅತ್ತೆಯ ಮನೆಯಲ್ಲಿ ತೆರೆದರೆ ತೇರೂ ಇಲ್ಲ, ಗೊನೆಯೂ ಇಲ್ಲ. ಸಾಲಾಗಿ ಹಳದಿ ಫೋಲ್ಡರುಗಳು, ಎಲ್ಲವೂ ‘ಹೊಸದು’. ವಿಂಡೋಸ್ ಫೋಲ್ಡರಿನೊಳಗೆ ‘ಡೆಸ್ಕ್‌ಟಾಪ್ ಡಾಟ್ ಐಎನ್ಐ’ ಎಂಬ ಮರೆಯಾದ ಕಡತವೊಂದನ್ನು ಇಟ್ಟು, ಐಕಾನ್ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಅದರಲ್ಲಿ ಬರೆದಿಡುತ್ತದೆ. ನನ್ನ ತೇರು ಶಿರಸಿಯ ಡಿ ಡ್ರೈವಿನಲ್ಲೇ ನಿಂತಿತ್ತು. ಹೆಸರು ಮಾತ್ರ ಘಟ್ಟ ಇಳಿದು ಬಂದಿತ್ತು, ಅದೂ ಕೆಲಸಕ್ಕೆ ಬಾರದ ಹೆಸರು.

ಈಗ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ‘2024-03-20 ಜಾತ್ರೆ’ ಎಂದು ಬರೆಯುತ್ತೇನೆ. ತಾವಾಗಿಯೇ ಸಾಲುಗಟ್ಟುತ್ತವೆ. ಬಿಲ್ಲಿನಲ್ಲಿ ಬರೆಯುವಂತೆ 20/3/2024 ಎಂದರೆ ವಿಂಡೋಸ್ ಒಪ್ಪುವುದಿಲ್ಲ, ಹೆಸರಿನಲ್ಲಿ ಓರೆಗೆರೆ ನಿಷಿದ್ಧ.

ಐಕಾನ್ ಬದಲಿಸುವ ಕಸ್ಟಮೈಸ್ ಪುಟದಲ್ಲೇ ಮೇಲೊಂದು ಸಾಲಿದೆ, ಅದರತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಫೋಲ್ಡರ್ ಯಾವ ಬಗೆಯದು ಎಂದು ಅದು ಕೇಳುತ್ತದೆ: ಸಾಮಾನ್ಯ, ದಾಖಲೆ, ಚಿತ್ರ, ಸಂಗೀತ, ವಿಡಿಯೊ. ನಾವು ಅಡಿಕೆಯನ್ನು ಚಾಲಿ, ರಾಶಿ, ಬೆಟ್ಟೆ ಎಂದು ವಿಂಗಡಿಸುತ್ತೇವಲ್ಲ, ಹಾಗೆಯೇ. ನಾವು ಹೇಳದಿದ್ದರೆ ಒಳಗಿನ ಸರಕು ನೋಡಿ ವಿಂಡೋಸೇ ಊಹಿಸುತ್ತದೆ. ನನ್ನ ಡೌನ್‌ಲೋಡ್ಸ್ ಫೋಲ್ಡರ್ ಚಿತ್ರದ ಬಗೆಗೆ ಸೇರಿ, ತೆರೆದಾಗಲೆಲ್ಲ ಒಂದೊಂದೇ ಪುಟ್ಟ ಚಿತ್ರ ಬಿಡಿಸುತ್ತ ಕೂರುತ್ತಿತ್ತು. ನಾನು ಎದ್ದು ಹೋಗಿ ಕಷಾಯ ಕುಡಿದು ಬಂದರೂ ಮುಗಿಯುತ್ತಿರಲಿಲ್ಲ. ‘ಸಾಮಾನ್ಯ’ ಎಂದು ಬದಲಿಸಿದ ಮೇಲೆ ತಟ್ಟನೆ ತೆರೆಯಿತು. ಲೆಕ್ಕದ ಫೋಲ್ಡರಿಗೆ ವಿವರಗಳ ನೋಟ, ಫೋಟೊಗಳಿಗೆ ದೊಡ್ಡ ಐಕಾನ್, ಅಷ್ಟು ಸಾಕು.

ಇನ್ನೊಂದನ್ನು ಇವತ್ತೇ ಮಾಡು. ವಿಂಡೋಸ್ ಕಡತದ ಹೆಸರಿನ ಬಾಲವನ್ನು, ಅಂದರೆ ಅದು ಯಾವ ಬಗೆಯ ಕಡತ ಎಂದು ಹೇಳುವ ಕೊನೆಯ ಡಾಟ್ ನಂತರದ ಭಾಗವನ್ನು, ಮುಚ್ಚಿಡುತ್ತದೆ. ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ’ ಎಂದು ಬಂದದ್ದು ‘ಬಿಲ್ ಡಾಟ್ ಪಿಡಿಎಫ್’ ಎಂದಷ್ಟೇ ಕಾಣುತ್ತದೆ. ಬಿಲ್ಲೆಂದು ಒತ್ತಿದರೆ ಓಡುವುದು ಯಾವುದೋ ಪ್ರೋಗ್ರಾಮು. ಫೋಲ್ಡರ್ ಆಯ್ಕೆಗಳ ವ್ಯೂ ಪುಟದಲ್ಲಿ ‘ಹೈಡ್ ಎಕ್ಸ್‌ಟೆನ್ಶನ್ಸ್’ ಎಂದು ಶುರುವಾಗುವ ಸಾಲಿನ ಮುಂದಿರುವ ಗುರುತು ತೆಗೆದುಬಿಡು, ಬಾಲ ಕಾಣುತ್ತದೆ.

ದೊಡ್ಡಮ್ಮ ಅಪ್ಪೆಮಿಡಿಯ ಡಬ್ಬಿಯನ್ನು ಬಸ್ಸಿಗೆ ಕೊಟ್ಟಿದ್ದಾಳೆ. ಡಬ್ಬಿಯ ಮೇಲೆ ಹೆಸರು ಬರೆದಿದ್ದೇನೆ. ಬೆಕ್ಕು ಇರಲಿ ಬಿಡು, ಆದರೆ ಆ ಫೋಲ್ಡರಿನಲ್ಲಿ ಏನಿದೆ ಎಂದು ಬರೆ, ಮೂರು ದಿನದಿಂದ ಯೋಚಿಸುತ್ತಿದ್ದೇನೆ.

ನಿನ್ನ
ದೊಡ್ಡಪ್ಪ