ಎಫ್.ಡಿ. ಮುರಿಸಬೇಡಿ, ವಾಚು ನಾನು ತರುತ್ತೇನೆ

ಟೋಕಿಯೊ
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನಿಗೆ,

ವಿದ್ಯಾ ಮಾಡುವ ನಮಸ್ಕಾರಗಳು. ಇಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಹೇಗಿದೆ ಬರೆಯಿರಿ. ಚಟ್ನಿಪುಡಿ ತಲುಪಿತು, ಡಬ್ಬಿ ಒಡೆದಿರಲಿಲ್ಲ.

ಅಮ್ಮನ ಕಾಗದ ಓದಿ ಉಳಿದದ್ದೆಲ್ಲ ಮರೆತೇಹೋಯಿತು. ಸುಮಿಯ ಮದುವೆಯಲ್ಲಿ ವರಪೂಜೆಗೆ ಹುಡುಗನಿಗೆ ಕೊಡುವ ವಾಚಿಗಾಗಿ ನೀವು ಎರಡು ಲಕ್ಷದ ಎಫ್.ಡಿ. ಮುರಿಸಲು ಹೊರಟಿದ್ದೀರಂತೆ. ದಯವಿಟ್ಟು ಬೇಡ. ಬೀಗರು ಕೇಳಿಲ್ಲ, ಹುಡುಗ ಕೇಳಿಲ್ಲ. ಕೇಳಿದ್ದು ಹುಡುಗನ ಸೋದರತ್ತೆ, ಅದೂ 'ಸ್ವಿಸ್ ಆದ್ರೆ ಚೆನ್ನಾಗಿರುತ್ತೆ' ಅಂತ ಕಾಫಿ ಕುಡಿಯುತ್ತಾ ಅಂದದ್ದು. ಅದಕ್ಕೆ ಸುಂದ್ರಮಾವ ಬೆಂಗಳೂರಿನಲ್ಲಿ ಯಾರೋ ಹದಿನೈದು ಸಾವಿರಕ್ಕೆ ರೋಲೆಕ್ಸಿನ 'ಫಸ್ಟ್ ಕಾಪಿ' ಕೊಡುತ್ತಾನೆ ಅಂತ ಇನ್ನೊಂದು ದಾರಿ ತೋರಿಸಿದ್ದಾರೆ. ಎರಡೂ ಬೇಡ ಅಂತಲೇ ಈ ಕಾಗದ.

ಮೊದಲು ಮಾವನ ವಾಚು. ಫಸ್ಟ್ ಕಾಪಿ ಅಂದರೆ ನಕಲಿ, ಅಷ್ಟೆ. ಅಸಲಿ ರೋಲೆಕ್ಸ್‌ನ ಸೆಕೆಂಡಿನ ಮುಳ್ಳು ಸಾಮಾನ್ಯವಾಗಿ ಸೆಕೆಂಡಿಗೆ ಎಂಟು ಸಣ್ಣ ಹೆಜ್ಜೆ ಇಡುವುದರಿಂದ ಜಾರುತ್ತಾ ಹೋದ ಹಾಗೆ ಕಾಣುತ್ತದೆ. ಸೆಕೆಂಡಿಗೊಂದು ಟಿಕ್ ಅಂತ ನಿಂತು ನಿಂತು ಹೋದರೆ ಒಳಗೆ ನೂರು ರೂಪಾಯಿಯ ಸೆಲ್ ಮಷೀನು ಇದೆ ಅಂತಿಟ್ಟುಕೊಳ್ಳಿ. ಜಾರುತ್ತಾ ಹೋದ ಮಾತ್ರಕ್ಕೂ ಅಸಲಿ ಅಂತಲ್ಲ, ಈಗಿನ ನಕಲಿಗಳು ಅದನ್ನೂ ಕಲಿತಿವೆ. ಹಿಂಬದಿ ಗಾಜಿನ ಮುಚ್ಚಳ ಹಾಕಿ ಚಕ್ರಗಳನ್ನು ತೋರಿಸಿದರೆ ಇನ್ನೂ ಅನುಮಾನ ಪಡಬೇಕು. ಕೆಲವೇ ಮಾದರಿ ಬಿಟ್ಟರೆ ರೋಲೆಕ್ಸ್‌ಗೆ ಹಿಂದೆ ಗಾಜಿರುವುದಿಲ್ಲ. ನಕಲಿಯಲ್ಲಿ ನೀರು ತಡೆಯುವ ರಬ್ಬರು ಹೆಸರಿಗಷ್ಟೆ ಇರುತ್ತದೆ. ನಮ್ಮ ಕಡೆ ಬೇಸಿಗೆಯ ಬೆವರಿಗೆ ಮೇಲಿನ ಲೇಪ ಕೆಲವೇ ತಿಂಗಳಲ್ಲಿ ಎದ್ದು ಮಣಿಕಟ್ಟಿನ ಮೇಲೆ ಹಸಿರು ಕಲೆ ಬಿಡುತ್ತದೆ. ಕೆಟ್ಟರೆ ಯಾವ ಕಂಪನಿಯ ಸರ್ವಿಸ್ ಸೆಂಟರೂ ಮುಟ್ಟುವುದಿಲ್ಲ. ಹುಡುಗ ಒಂದು ದಿನ ಅಲ್ಲಿಗೆ ಕೊಂಡೊಯ್ದು ಕೌಂಟರಿನಲ್ಲಿ 'ಇದು ನಮ್ಮದಲ್ಲ' ಅಂತ ಅನ್ನಿಸಿಕೊಂಡು ಬಂದರೆ ಸುಮಿ ಮುಖ ಎಲ್ಲಿಡಬೇಕು?

ಇನ್ನು ಸ್ವಿಸ್. ವಾಚಿನ ಮೇಲೆ 'ಸ್ವಿಸ್ ಮೇಡ್' ಅಂತ ಬರೆಯಲು ಮಷೀನು ಸ್ವಿಸ್ ಆಗಿರಬೇಕು, ಜೋಡಣೆ ಮತ್ತು ಕೊನೆಯ ತಪಾಸಣೆ ಅಲ್ಲಿ ನಡೆಯಬೇಕು, ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ ಶೇ. 60 ಅಲ್ಲಿ ಆಗಿರಬೇಕು. ಶೇ. 60ರ ನಿಯಮ 2017ರಿಂದ ಇದೆ. ಒಳ್ಳೆಯ ವಾಚುಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಸೋದರತ್ತೆಯವರಿಗೆ ಯಾರಾದರೂ ಹೇಳಿ: ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರ ಪ್ರಪಂಚದಲ್ಲಿ ಮೊದಲು ಅಂಗಡಿಗೆ ಬಂದದ್ದು ಸ್ವಿಟ್ಜರ್ಲೆಂಡಿನಲ್ಲಲ್ಲ, ನಾನಿರುವ ಈ ಊರಿನಲ್ಲಿ. 1969ರ ಡಿಸೆಂಬರ್ 25, ಸೈಕೋ ಕಂಪನಿಯ ಆಸ್ಟ್ರಾನ್, ಬೆಲೆ ಆಗಲೇ 4,50,000 ಯೆನ್. ನಿಮ್ಮ ಹಳೇ ಎಚ್‌ಎಂಟಿ ಜನತಾ ವಾಚು ಇದೆಯಲ್ಲ, ಅದರ ಬೇರೂ ಇಲ್ಲಿನದೇ. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ್ದು ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ. ನಲವತ್ತು ವರ್ಷ ನೀವು ಕಟ್ಟಿಕೊಂಡದ್ದು ಜಪಾನ್ ವಾಚಿನ ದಾಯಾದಿಯನ್ನೇ. ಜಪಾನ್ ವಾಚು ಕೊಟ್ಟರೆ ಕಮ್ಮಿಯಾಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಅನ್ನಬಾರದು.

ನಾನು ನೋಡಿಟ್ಟಿರುವುದು ಸೈಕೋ 5, ಆಟೊಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವುದು. ಇಲ್ಲಿ ಸುಮಾರು 40,000 ಯೆನ್, ನಮ್ಮ ದುಡ್ಡಿನಲ್ಲಿ ಇಪ್ಪತ್ಮೂರು ಇಪ್ಪತ್ನಾಲ್ಕು ಸಾವಿರ. ಪ್ರವಾಸಿಗಳಿಗೆ ಶೇ. 10ರ ತೆರಿಗೆ ಮಾಫಿ ಉಂಟು, ಇಲ್ಲೇ ವಾಸವಿರುವ ನಮಗಿಲ್ಲ, ಅದೂ ಸೇರಿಯೇ ಈ ಲೆಕ್ಕ. ನನಗೆ ಏನೇನೂ ಹೊರೆಯಲ್ಲ. ನಿಜವಾಗಿಯೂ ಅಲ್ಲ. ಊಟ ತಿಂಡಿಯಲ್ಲಿ ಕಡಿಮೆ ಮಾಡುತ್ತಿಲ್ಲ, ಸಾಲ ಮಾಡುತ್ತಿಲ್ಲ, ಈ ತಿಂಗಳ ಬಾಡಿಗೆ ಕಟ್ಟಿಯಾಗಿದೆ ಅಂತ ಅಮ್ಮನಿಗೆ ಹೇಳಿ.

ಬೀಗರ ಕಡೆ ಯಾರಾದರೂ ವಿಚಾರಿಸಿದರೆ ಹೇಳಲು ವಿವರ: ಒಳಗಿನ ಮಷೀನಿನ ಹೆಸರು 4ಆರ್36, 24 ಜ್ಯುವೆಲ್ (ಸವೆತ ತಡೆಯುವ ಸಣ್ಣ ಕಲ್ಲುಗಳು), ಪೂರ್ತಿ ಕೀ ತುಂಬಿದರೆ ಸುಮಾರು 41 ಗಂಟೆ ಓಡುತ್ತದೆ. ನೀರು ತಡೆಯುವುದು 100 ಮೀಟರಿನ ಮಟ್ಟದ್ದು. ವಾರ ತೋರಿಸುವ ಚಕ್ರದಲ್ಲಿ ಇಂಗ್ಲಿಷಿನ ಜೊತೆ ಜಪಾನಿ ಅಕ್ಷರವೂ ಇರುತ್ತದೆ, ಭಾನುವಾರ ಕೆಂಪು, ಶನಿವಾರ ನೀಲಿ. ಇಂಗ್ಲಿಷಿಗೆ ತಿರುಗಿಸಿಯೇ ತರುತ್ತೇನೆ, ಇಲ್ಲದಿದ್ದರೆ ಸುಂದ್ರಮಾವ ಚೈನಾ ಮಾಲು ಅಂದುಬಿಡುತ್ತಾರೆ.

ಅಳತೆ ಬೇಕು, ಇದೇ ಈಗ ಅವಸರದ ಕೆಲಸ. ಮಾವ 44 ಮಿಲಿಮೀಟರಿನ ದೊಡ್ಡದೇ ಗತ್ತು ಅಂದಿದ್ದಾರೆ. ಡಯಲಿನ ಅಗಲ ನೋಡಿ ವಾಚು ಕೊಳ್ಳುವುದೇ ತಪ್ಪು. ಮೇಲೆ ಕೆಳಗೆ ಚೈನು ಸಿಕ್ಕಿಸುವ ಕೊಂಬುಗಳಿವೆಯಲ್ಲ, ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದ ಕೈಯ ಚಪ್ಪಟೆ ಭಾಗಕ್ಕಿಂತ ಕಡಿಮೆ ಇರಬೇಕು. ಜಾಸ್ತಿಯಾದರೆ ಎರಡೂ ಕಡೆ ಸೂರು ಚಾಚಿದ ಹಾಗೆ ಕಾಣುತ್ತದೆ, ಷರ್ಟಿನ ತೋಳಿಗೆ ಸಿಗುತ್ತದೆ. ನಾನು ನೋಡಿದ್ದು 40 ಮಿ.ಮೀ. ಅಗಲ, ಕೊಂಬಿನಿಂದ ಕೊಂಬಿಗೆ ಸುಮಾರು 45. ಸುಮಿ ಉಪಾಯವಾಗಿ ಹುಡುಗನ ಮಣಿಕಟ್ಟಿನ ಮೂಳೆಯ ಹಿಂದೆ, ಮೊಳಕೈ ಕಡೆಗೆ, ಒಂದು ದಾರ ಸುತ್ತಿ ಗಂಟು ಹಾಕದೆ ಗುರುತು ಮಾಡಲಿ. ಆಮೇಲೆ ಸ್ಕೇಲಿನ ಮೇಲಿಟ್ಟು ಸೆಂಟಿಮೀಟರಿನಲ್ಲಿ ಹೇಳಲಿ. ಸಂಜೆ ಹೊತ್ತು ಅಳೆಯಬೇಕು, ಸೆಕೆಗೆ ಕೈ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಅಳೆದು ಚೈನು ಕತ್ತರಿಸಿದರೆ ಮಧ್ಯಾಹ್ನಕ್ಕೆ ಬಿಗಿಯಾಗುತ್ತದೆ.

ಚರ್ಮದ ಬೆಲ್ಟಿನದು ಬೇಡವೇ ಬೇಡ, ಸ್ಟೀಲ್ ಚೈನೇ ಇರಲಿ. ಧಾರೆಯಲ್ಲಿ ಹಾಲು ನೀರು ಎರಡೂ ಕೈ ಮೇಲಿಂದಲೇ ಇಳಿಯುವುದು. ಚರ್ಮದೊಳಗೆ ಹಾಲು ಹೋದರೆ ಎರಡೇ ದಿನಕ್ಕೆ ನಾರುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಸ್ಟೀಲಾದರೆ ರಾತ್ರಿ ತಣ್ಣೀರಿನಲ್ಲಿ ಹಳೇ ಟೂತ್‌ಬ್ರಷ್‌ನಿಂದ ಕೊಂಡಿಗಳ ಸಂದಿ ಉಜ್ಜಿದರೆ ಮುಗಿಯಿತು. ಹುಡುಗ ಎಡಚ, ಬಲಗೈಗೆ ವಾಚು ಕಟ್ಟುತ್ತಾನೆ ಅಂತ ಅಮ್ಮ ಬರೆದಿದ್ದಾಳೆ. ಕಂಕಣವೂ ಬಲಗೈಗೇ ಕಟ್ಟುವುದು, ಅರಿಸಿನದ ದಾರ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಮದುವೆಯ ದಿನ ಎಡಗೈಗೆ ಕಟ್ಟಲಿ.

ಚೈನು ಸಣ್ಣ ಮಾಡಿಸುವಾಗ ಎಚ್ಚರ. ಕೊಂಡಿಯ ಒಳಮೈಯಲ್ಲಿ ಸಣ್ಣ ಬಾಣದ ಗುರುತಿರುತ್ತದೆ, ಪಿನ್ನನ್ನು ಆ ದಿಕ್ಕಿಗೇ ತಳ್ಳಿ ತೆಗೆಯಬೇಕು, ಹಾಕುವಾಗ ಬಾಣಕ್ಕೆ ಎದುರಾಗಿ. ಇಂಥ ಕೆಲವು ಚೈನುಗಳಲ್ಲಿ ಪಿನ್ನಿನ ಜೊತೆ ಒಂದು ಪುಟ್ಟ ಕೊಳವೆ ಇರುತ್ತದೆ, ಸಾಸಿವೆಕಾಳಿನಷ್ಟು. ಪಿನ್ನನ್ನು ಹಿಡಿದು ನಿಲ್ಲಿಸುವುದು ಅದೇ. ಪಿನ್ನು ಎಳೆದ ಕೂಡಲೇ ಉದುರಿ ನೆಲದ ಮೇಲೆ ಉರುಳಿಹೋಗುತ್ತದೆ, ಅಂಗಡಿಯವನು ಗಮನಿಸದೆ ಪಿನ್ನೊಂದನ್ನೇ ತುರುಕಿ ಕಳಿಸುತ್ತಾನೆ. ಒಂದು ವಾರ ಸರಿಯಿರುತ್ತದೆ. ಆಮೇಲೆ ಬೈಕಿನಲ್ಲಿ ಹೋಗುವಾಗ ವಾಚೇ ಕಳಚಿಬೀಳುತ್ತದೆ. ಬಿಳಿ ಬಟ್ಟೆ ಹಾಸಿದ ತಟ್ಟೆಯ ಮೇಲೆ ಬಿಚ್ಚಲು ಹೇಳಿ, ತೆಗೆದ ಕೊಂಡಿಗಳನ್ನು ಪೊಟ್ಟಣ ಕಟ್ಟಿ ಇಸಿದುಕೊಳ್ಳಿ. ನಾಳೆ ಅಳಿಯಂದಿರು ಸುಮಿಯ ಅಡುಗೆ ತಿಂದು ದಪ್ಪಗಾದರೆ ಬೇಕಾಗುತ್ತವೆ.

ತಾರೀಕಿನ ವಿಷಯ ಹುಡುಗನಿಗೆ ಹೇಳಲೇಬೇಕು. ವಾಚಿನ ಮುಳ್ಳು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರೊಳಗೆ ಇರುವಾಗ ಪಕ್ಕದ ಕೀಲಿ ಎಳೆದು ತಾರೀಕು ತಿರುಗಿಸಬಾರದು. ಆ ಹೊತ್ತಿನಲ್ಲಿ ತಾರೀಕು ದೂಡುವ ಹಲ್ಲು ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ಬ್ರಾಹ್ಮೀ ಮುಹೂರ್ತಕ್ಕೆ ಎದ್ದು, ನಿಂತುಹೋದ ವಾಚನ್ನು ಮುಳ್ಳು ಎಲ್ಲಿದೆ ನೋಡದೆ ಸರಿ ಮಾಡಲು ಹೋಗುವ ನಮ್ಮಂಥವರಿಗೇ ಇದು ಆಗುವುದು. ಕೀಲಿಯನ್ನು ಎರಡನೇ ಮೆಟ್ಟಿಲಿಗೆ ಎಳೆದು ಮುಳ್ಳು ತಿರುಗಿಸುತ್ತಾ ಹೋದರೆ ತಾರೀಕು ಒಮ್ಮೆ ಹಾರುತ್ತದೆ, ಅಂದರೆ ನಡುರಾತ್ರಿ ದಾಟಿತು. ಅಲ್ಲಿಂದ ಆರು ಗಂಟೆಯವರೆಗೆ ತಂದು ನಿಲ್ಲಿಸಬೇಕು. ಈಗ ಒಂದನೇ ಮೆಟ್ಟಿಲಿಗೆ ಒತ್ತಿ ತಾರೀಕು ವಾರ ಕೂರಿಸುವುದು, ಒಂದು ಕಡೆ ತಿರುಗಿಸಿದರೆ ತಾರೀಕು, ಇನ್ನೊಂದು ಕಡೆಗೆ ವಾರ. ಆಮೇಲೆ ಮತ್ತೆ ಎಳೆದು ಗಂಟೆ ಸರಿ ಮಾಡಿ ಪೂರ್ತಿ ಒತ್ತುವುದು. ಅರ್ಧ ಒತ್ತಿ ಬಿಟ್ಟರೆ 100 ಮೀಟರು ಅಂತ ಬರೆದಿದ್ದರೂ ಕೈ ತೊಳೆಯುವ ನೀರೇ ಒಳಗೆ ಹೋಗುತ್ತದೆ. ಅಭ್ಯಂಜನದ ಬಿಸಿನೀರು, ಸೀಗೆಪುಡಿಗೆ ಮಾತ್ರ ಯಾವ ವಾಚನ್ನೂ ಒಡ್ಡಬಾರದು, ಬಿಸಿಗೆ ರಬ್ಬರು ಬೇಗ ಸೋಲುತ್ತದೆ.

ಮೊಬೈಲು ಪಕ್ಕದಲ್ಲಿಟ್ಟು 'ಸೆಕೆಂಡು ಹೆಚ್ಚುಕಮ್ಮಿ ಇದೆ' ಅಂತ ಯಾರಾದರೂ ತೋರಿಸಿದರೆ ಗಾಬರಿಯಾಗಬೇಡಿ. ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ ಹೋಗಬಹುದು ಅಂತ ಕಂಪನಿಯೇ ಒಪ್ಪಿಕೊಂಡಿದೆ, ಸಾಮಾನ್ಯವಾಗಿ ಅಷ್ಟು ತಪ್ಪುವುದಿಲ್ಲ. ಇದ್ದಕ್ಕಿದ್ದ ಹಾಗೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡಿದರೆ ಮಾತ್ರ ಅಯಸ್ಕಾಂತ ಹಿಡಿದಿರಬಹುದು. ಛತ್ರದ ಸ್ಪೀಕರ್ ಪೆಟ್ಟಿಗೆಯ ಮೇಲೆ ಬಿಚ್ಚಿಟ್ಟರೆ ಸಾಕು, ಒಳಗಿನ ಕೂದಲಿನಂಥ ಸ್ಪ್ರಿಂಗಿನ ಸುರುಳಿಗಳು ಅಂಟಿಕೊಳ್ಳುತ್ತವೆ. ಒಳ್ಳೆಯ ರಿಪೇರಿಯವನ ಹತ್ತಿರ ಅದನ್ನು ತೆಗೆಯುವ ಯಂತ್ರ ಇರುತ್ತದೆ, ಅರ್ಧ ನಿಮಿಷದ ಕೆಲಸ. ಅದಕ್ಕೆ ಸರ್ವಿಸ್ ಚಾರ್ಜು ಅಂತ ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಇಷ್ಟೆಲ್ಲ ತಾಪತ್ರಯ ಇರುವಾಗ ಬಿಸಿಲಿನಲ್ಲಿ ಚಾರ್ಜಾಗುವ ಸಿಟಿಜನ್ ಇಕೋಡ್ರೈವ್ ಯಾಕಲ್ಲ ಅಂತ ನೀವು ಕೇಳಬಹುದು. ದಿನಾ ಕಟ್ಟುವವರಿಗೆ ಅದೇ ಸರಿ. ಆದರೆ ಮದುವೆಯ ವಾಚನ್ನು ನಮ್ಮವರು ಡಬ್ಬಿಗೆ ಹಾಕಿ ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ. ಕತ್ತಲಲ್ಲಿ ವರ್ಷಗಟ್ಟಲೆ ಇದ್ದರೆ ಅದರೊಳಗಿನ ಸೆಲ್ ಪೂರ್ತಿ ಬರಿದಾಗಿ ಸೋಲಬಹುದು. ಆಟೊಮ್ಯಾಟಿಕ್ ಆದರೆ ಎರಡು ದಿನಕ್ಕೆ ನಿಂತು ಸುಮ್ಮನಿರುತ್ತದೆ. ತೆಗೆದ ದಿನ ಇಪ್ಪತ್ತು ಸುತ್ತು ಕೀ ಕೊಟ್ಟು ಕಟ್ಟಿಕೊಂಡರಾಯಿತು.

ಇಲ್ಲಿನ ಅಂಗಡಿಯವರ ಒಂದು ವಿಚಿತ್ರ ಹೇಳಬೇಕು. ನಕಾನೊ ಅಂತ ಒಂದು ಬಡಾವಣೆ, ಅಲ್ಲಿನ ಬ್ರಾಡ್ವೇ ಕಟ್ಟಡದ ತುಂಬ ಹಳೇ ವಾಚಿನ ಅಂಗಡಿಗಳು. ಬಿಳಿ ಕೈಗವಸು ತೊಟ್ಟು, ಮಖಮಲ್ ತಟ್ಟೆಯಲ್ಲಿಟ್ಟು ತೋರಿಸುತ್ತಾರೆ. ನಾವು ಕೇಳುವ ಮೊದಲೇ 'ಇಲ್ಲೊಂದು ಗೀರಿದೆ, ಇಲ್ಲಿ ಪಾಲಿಷ್ ಆಗಿದೆ, ಈ ಮುಳ್ಳು ಬದಲಿಸಿದೆ' ಅಂತ ಅವರೇ ಭೂತಗನ್ನಡಿ ಹಿಡಿದು ದೋಷ ಹೇಳುತ್ತಾರೆ! ರೈಲು ಐದು ನಿಮಿಷ ತಡವಾದರೆ ಆಫೀಸಿಗೆ ತೋರಿಸಲು ಚೀಟಿ ಕೊಡುವ ಜನ ಇವರು. ನಗಬೇಡಿ, ಅಂಗಡಿಯಲ್ಲಿ ಇದು ಎಷ್ಟು ನೆಮ್ಮದಿ ಗೊತ್ತಾ?

ಇದನ್ನು ಹೇಳಲು ಕಾರಣ, ಮಾವ ನಿಮಗೆ 1,500ಕ್ಕೆ 'ಹೊಚ್ಚಹೊಸ ಜನತಾ' ತರಿಸಿಕೊಡುತ್ತೇನೆ, ಹಳೆಯದನ್ನು ಕೊಟ್ಟುಬಿಡಿ ಅಂದಿದ್ದಾರಂತೆ. ಕೊಡಬೇಡಿ. ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಾಗಿದೆ, ಹೀಗೆ ಸಿಗುವುದನ್ನು ಹೊಚ್ಚಹೊಸದು ಅಂತ ನಂಬುವುದು ಹೇಗೆ? ಹಳೇ ಮಷೀನಿಗೆ ಹೊಸ ಬಣ್ಣದ ಡಯಲು ಅಚ್ಚು ಹಾಕಿ ಮಾರುತ್ತಾರೆ. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ಕದಡಿರುತ್ತದೆ, ನಿಮಿಷದ ಗೆರೆ ಮುಳ್ಳಿನ ತುದಿಗೆ ಹೊಂದುವುದಿಲ್ಲ, ಒಂದು ಮಾದರಿಯ ಮುಳ್ಳು ಇನ್ನೊಂದಕ್ಕೆ ಕೂರಿಸಿರುತ್ತಾರೆ. ನಿಮ್ಮದು ಹಳದಿಗಟ್ಟಿದರೂ ಎಲ್ಲ ಭಾಗ ಅದರದೇ. ನಿಂತಿದೆ ಅಂದಿರಲ್ಲ, ಕೀ ಕೊಟ್ಟು ನೋಡಿ. ಎಷ್ಟು ತಿರುಗಿಸಿದರೂ ಬಿಗಿಯೇ ಆಗದಿದ್ದರೆ ಸ್ಪ್ರಿಂಗ್ ಮುರಿದಿದೆ. ಬಿಗಿಯಾಗಿ ನಿಂತೂ ನಡೆಯದಿದ್ದರೆ ಒಳಗಿನ ಎಣ್ಣೆ ಒಣಗಿ ಅಂಟಾಗಿದೆ, ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. 'ಜಾಸ್ತಿ ಕೀ ಕೊಟ್ಟು ಕೆಟ್ಟಿದೆ' ಅಂದರೆ ನಂಬಬೇಡಿ. ಡಯಲು ಮುಟ್ಟಕೂಡದು ಅಂತ ಮೊದಲೇ ಹೇಳಿ. ಗಾಜಿನ ಗೀರಿಗೆ ಹೊಸ ಗಾಜು ಬೇಡ, ಅದು ಪ್ಲಾಸ್ಟಿಕ್ಕೇ, ಹತ್ತಿಯ ಮೇಲೆ ಚೂರು ಬಿಳಿ ಟೂತ್‌ಪೇಸ್ಟ್ ಹಾಕಿ ಹತ್ತು ನಿಮಿಷ ಉಜ್ಜಿದರೆ ಹೊಳೆಯುತ್ತದೆ.

ವಾಚು ಅಂಚೆಯಲ್ಲಿ ಕಳಿಸುವುದಿಲ್ಲ, ಕೈಯಲ್ಲೇ ತರುತ್ತೇನೆ. ಬಿಲ್ಲು, ವಾರಂಟಿ ಕಾರ್ಡು ಬ್ಯಾಗಿನಲ್ಲಿರುತ್ತವೆ, ಕಸ್ಟಮ್ಸಿನಲ್ಲಿ ಕೇಳಿದರೆ ತೋರಿಸಿ ಸುಂಕ ಬಿದ್ದರೆ ಕಟ್ಟುತ್ತೇನೆ. ಎಲ್ಲ ಸರಿಹೋಗುತ್ತದೆ, ನೀವು ಬಿ.ಪಿ. ಏರಿಸಿಕೊಳ್ಳಬೇಡಿ, ಮಾತ್ರೆ ತಪ್ಪಿಸಬೇಡಿ. ಎಫ್.ಡಿ. ಹಾಗೇ ಇರಲಿ, ಅದು ನಿಮ್ಮದು ಮತ್ತು ಅಮ್ಮನದು. ಬಡ್ಡಿ ಎಷ್ಟು ಕಡಿತವಾಗುತ್ತದೆ ಅಂತ ಬ್ಯಾಂಕಿನಲ್ಲಿ ವಿಚಾರಿಸಲೂ ಹೋಗಬೇಡಿ.

ಗಂಟೆ ಹನ್ನೆರಡಾಯಿತು, ನಾಳೆ 6:40ರ ಟ್ರೈನು. ಬರುವ ಭಾನುವಾರ ಫೋನ್ ಮಾಡುವಷ್ಟರಲ್ಲಿ ದಾರದ ಅಳತೆ ತಯಾರಿರಲಿ. ಅಜ್ಜಿಗೆ, ಅಮ್ಮನಿಗೆ ನಮಸ್ಕಾರ.

ಇಂತಿ ನಿಮ್ಮ ಮಗಳು,
ವಿದ್ಯಾ

ಮರೆತೆ: ಹುಡುಗನಿಗೆ ನಿಕ್ಕೆಲ್ ಅಲರ್ಜಿ ಇದೆಯಾ ಕೇಳಿ. ಹಳೇ ವಾಚಿನಿಂದ ಕೈ ತುರಿಸಿ ಕೆಂಪಾಗುತ್ತಿತ್ತು ಅಂದರೆ ಸ್ಟೀಲ್ ಬಿಟ್ಟು ಟೈಟಾನಿಯಂ ನೋಡುತ್ತೇನೆ. ಸ್ವಲ್ಪ ಜಾಸ್ತಿಯಾಗುತ್ತದೆ, ಪರವಾಗಿಲ್ಲ, ಇದೆ ನನ್ನ ಹತ್ತಿರ.