ಕಾರ್ಯದರ್ಶಿ ಪುಟ್ಟಿಗೆ ದೊಡ್ಡಮ್ಮನ ಪತ್ರ

ಬಸವನಗುಡಿ, ಬೆಂಗಳೂರು
ಭಾನುವಾರ ಸಂಜೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮ ಬಡಾವಣೆಯ ಮಹಿಳಾ ಸಮಾಜಕ್ಕೆ ನಿನ್ನನ್ನೇ ಕಾರ್ಯದರ್ಶಿ ಮಾಡಿದ್ದಾರೆ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಖುಷಿಯಾಯಿತು, ಸ್ವಲ್ಪ ನಗುವೂ ಬಂತು. ಆವತ್ತು ಮೀಟಿಂಗಿಗೆ ಬಾರದವರನ್ನೇ ಕಾರ್ಯದರ್ಶಿ ಮಾಡುವುದು ಎಲ್ಲ ಸಮಾಜಗಳಲ್ಲೂ ಇರುವ ಪದ್ಧತಿ. ಅಲ್ಲಿ ಇಲ್ಲದವರು ಬೇಡ ಅನ್ನೋಕಾಗಲ್ಲ ಅಲ್ವಾ? ನನ್ನನ್ನೂ ಹಾಗೇ ಮಾಡಿದ್ದು.

ಮೊದಲ ಕೆಲಸ ಅಂತ ಪಕ್ಕದ ಕಾಲೋನಿಗೆ ಕಂಬಳಿ ಹಂಚುತ್ತೀಯಂತೆ. ಬೇಡ ಅನ್ನುತ್ತಿಲ್ಲ. ಕಂಬಳಿ ಬೇಕಾ ಅಂತ ಅವರನ್ನು ಕೇಳಿದೆಯಾ?

ನಾನು ಕೇಳದೆ ಹೋಗಿ ಪೆಚ್ಚಾದವಳು. ಒಂದು ವರ್ಷ ಜೋರು ಮಳೆಗೆ ರಾಜಕಾಲುವೆ ಉಕ್ಕಿ ಅಕ್ಕಪಕ್ಕದ ಮನೆಗಳಿಗೆಲ್ಲ ನೀರು ನುಗ್ಗಿತ್ತು. ನಾವು ಮನೆಮನೆ ತಿರುಗಿ ಸೀರೆ ಒಟ್ಟುಮಾಡಿದೆವು. ಎರಡೇ ದಿನಕ್ಕೆ ಒಂದು ಆಟೋ ತುಂಬಿತು. ಬೀರು ಖಾಲಿ ಮಾಡೋಕೆ ಎಲ್ಲರಿಗೂ ಒಂದು ನೆಪ ಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಅಲ್ಲಿ ಒಬ್ಬ ಹೆಂಗಸು ನಾನು ಕೊಟ್ಟ ಸೀರೆಯನ್ನು ಬಿಡಿಸಿ, ಕಿತ್ತುಬಂದ ಫಾಲ್ ಮೇಲೆ ಬೆರಳಾಡಿಸಿ, ಮತ್ತೆ ನೀಟಾಗಿ ಮಡಿಸಿ ನನ್ನ ಕೈಗೇ ಇಟ್ಟಳು. "ಸೀರೆ ಐತೆ ಕಣಮ್ಮ, ಒಣಗಾಕೋಕೆ ಜಾಗ ಇಲ್ಲ. ಒಳಲಂಗ ಇದ್ರೆ ಕೊಡಿ. ಹುಡುಗಂದು ನೋಟ್ಸೆಲ್ಲ ನೆಂದೋಯ್ತು" ಅಂದಳು. ಸಿಟ್ಟಿನಿಂದಲ್ಲ, ಮಗುವಿಗೆ ಹೇಳುವ ಹಾಗೆ. ಉಳಿದ ಸೀರೆ ಗಂಟುಗಳ ಮಧ್ಯೆ ಮುದುರಿ ಕೂತು ಆಟೋದಲ್ಲಿ ವಾಪಸು ಬಂದೆ. ಮಾರನೇ ದಿನ ಚಿಕ್ಕಪೇಟೆಯಲ್ಲಿ ಲಂಗ, ಅವೆನ್ಯೂ ರಸ್ತೆಯಲ್ಲಿ ನೋಟ್‌ಬುಕ್ ತೆಗೆದುಕೊಂಡು ಮತ್ತೆ ಹೋದೆವು.

ಆಮೇಲಿನಿಂದ ನಮ್ಮದು ಒಂದೇ ರೂಢಿ. ಮೊದಲು ಇಬ್ಬರು ಬರಿಗೈಯಲ್ಲಿ ಹೋಗಿ ಕೂತು ಮಾತಾಡಿ ಬರುವುದು. ನೀನೂ ಹಾಗೇ ಮಾಡು. ಆ ಬೀದಿಯ ಅಂಗನವಾಡಿ ಟೀಚರನ್ನೂ ಆಶಾ ಕಾರ್ಯಕರ್ತೆಯನ್ನೂ ಕಂಡು ಬಾ. ಯಾವ ಮನೆಯಲ್ಲಿ ಏನಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರಲ್ಲ. ಮತ್ತೆ, ಕೈಚಾಚಿದವರ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡ. ಬೇಕಿದ್ದರೆ ಗಂಟು ಹೊರುತ್ತಿರುವ ನಿಮ್ಮ ಸದಸ್ಯರದ್ದು ಹಾಕು.

ಕೆಲವು ಸಲ ಕೊಡಬೇಕಾದ್ದು ವಸ್ತುವೇ ಅಲ್ಲ. ನಾವು ಪ್ರತಿ ಮಂಗಳವಾರ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗುತ್ತೇವಲ್ಲ, ಹಣ್ಣು ಹಂಚುವುದು ಅಂತ ಶುರುವಾಗಿದ್ದು ಅದು. ಈಗ ಹಣ್ಣು ನಿಂತೇಹೋಗಿದೆ. ರಾಯಚೂರು, ಕೊಪ್ಪಳದ ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರಿಗೆ ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಎಲ್ಲಿ ಕೊಡಬೇಕು ಅಂತ ತೋರಿಸಲು ಒಂದು ಜನ ಬೇಕು. ಹೋದ ವಾರ ಎರಡು ಗಂಟೆ ನಾನು ಮಾಡಿದ ಸೇವೆ ಏನು ಗೊತ್ತಾ? ತಾಯಿ ಕ್ಯೂನಲ್ಲಿ ನಿಂತಿದ್ದಾಗ ಅವಳ ಮಗು, ಚೀಲ, ಚಪ್ಪಲಿ ಕಾದದ್ದು. ಮಗು ನನ್ನ ಕನ್ನಡಕ ಕಿತ್ತು ಹಾಕಿತು, ಆ ಮಾತು ಬೇರೆ.

"ಕಿಟ್ಟಿ ಪಾರ್ಟಿ ಜೋರಾ?" ಅಂತ ನಿಮ್ಮ ಮಾವ ರೇಗಿಸಿದರಂತೆ. ರೇಗಿಸಲಿ ಬಿಡು. ಈ ಊರಿನಲ್ಲಿ ಹೆಂಗಸರ ಸಮಾಜ ನಿನ್ನೆ ಮೊನ್ನೆಯದಲ್ಲ. ನಮ್ಮ ಮಹಿಳಾ ಸೇವಾ ಸಮಾಜ ಶುರುವಾದದ್ದೇ 1913ರಲ್ಲಿ. ಬಾಲ್ಯದಲ್ಲೇ ವಿಧವೆಯಾದ ಆರ್. ಕಲ್ಯಾಣಮ್ಮನವರು 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರುಮಾಡಿದರು. 1938ರಲ್ಲಿ ಮಕ್ಕಳ ಕೂಟ ಕಟ್ಟಿದವರೂ ಅವರೇ. ಚಾಮರಾಜಪೇಟೆಯಲ್ಲಿ ಇವತ್ತಿಗೂ ಮಕ್ಕಳ ಕೂಟ ಅಂದರೆ ಆಟೋದವರು ಕರೆದುಕೊಂಡು ಹೋಗುತ್ತಾರೆ. ಕಲ್ಯಾಣಮ್ಮನವರಿಗೆ ಎಷ್ಟು ಜನ ಏನೇನು ಅಂದಿರಬೇಕು!

ಇನ್ನು ಲೆಕ್ಕ. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಿಮ್ಮದು ನೋಂದಣಿಯಾದ ಸಂಘವಾ ಅಂತ ಮೊದಲು ನೋಡು. ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಕಟ್ಟಲು 7 ಜನ ಸಾಕು. ಆದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಆಗಬೇಕು, ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ (80ಜಿ ಅನ್ನುತ್ತಾರಲ್ಲ, ಅದು) ಇದ್ದರೆ, ಅವರಿಗೆ ಮೊದಲೇ ಹೇಳಿಬಿಡು: 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗಲ್ಲ, ಚೆಕ್ಕೋ ಆನ್‌ಲೈನೋ ಮಾಡಿ ಅಂತ. ಆಮೇಲೆ ಜಗಳ ಬೇಡ.

ಖರ್ಚು ಮಾತ್ರ ಅವತ್ತಿನದು ಅವತ್ತೇ ಬರೆ. ಒಂದು ಸಲ ನನ್ನ ಡಬ್ಬಿಯಲ್ಲಿ 340 ರೂಪಾಯಿ ಕಡಿಮೆ ಬಂತು. ಕಡಲೆಕಾಯಿ ಪರಿಷೆಯ ದಿನ ಮಜ್ಜಿಗೆ ಹಂಚಲು ಲೋಟ ತಂದಿದ್ದೆ, ಬರೆದಿರಲಿಲ್ಲ. ಅದು ನೆನಪಾಗುವ ಹೊತ್ತಿಗೆ ಖಜಾಂಚಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಎರಡು ತಿಂಗಳು! ಒಂದೇ ಬೀದಿಯಲ್ಲಿದ್ದುಕೊಂಡು ಸೊಪ್ಪಿನ ಗಾಡಿ ಹತ್ತಿರ ಎದುರಾದರೆ ಇಬ್ಬರೂ ಮೆಂತ್ಯದ ಕಟ್ಟನ್ನೇ ನೋಡುತ್ತಿದ್ದೆವು. ತಪ್ಪು ನನ್ನದೇ. ಹೋಗಿ ಹೇಳೋಕೆ ನನಗೇ ಬಿಗುಮಾನ.

ಮಂಗಳವಾರ ರಜೆ ಸಿಕ್ಕರೆ ನನ್ನ ಜೊತೆ ಆಸ್ಪತ್ರೆಗೆ ಬಾ, ಕಣ್ಣಾರೆ ನೋಡಬಹುದು. ಬಸ್ಸಿನಲ್ಲೇ ಹೋಗೋಣ, ಇಬ್ಬರಿಗೂ ಟಿಕೆಟ್ ಫ್ರೀ. ಆಧಾರ್ ಕಾರ್ಡ್ ಮರೆಯಬೇಡ. ಹೋದ ತಿಂಗಳು ಹುಳಿಯವಲಕ್ಕಿ ಹಾಕಿ ಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನೂ ತಾ. ಅದು ಸಮಾಜದ್ದು, ಸ್ಟಾಕ್ ಪುಸ್ತಕದಲ್ಲಿ ನಿನ್ನ ಹೆಸರಲ್ಲಿ ಬರೆದಿಟ್ಟಿದ್ದೇನೆ.

ಇತಿ ನಿನ್ನ
ದೊಡ್ಡಮ್ಮ