ಊಟ ಆದ ಮೇಲೂ ಕೂತಿದ್ದವರು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಪತ್ರ ವಿಭಾಗದಲ್ಲಿ ಒಬ್ಬರು ಬರೆದಿದ್ದರು. ಬಿ ಫಾರಂಗೆ ದಿಲ್ಲಿಗೆ ಓಡುವುದು ಸಾಕು, ಅಮೆರಿಕದ ಹಾಗೆ ಪಕ್ಷದ ಸಾಮಾನ್ಯ ಸದಸ್ಯರೇ ಮತ ಹಾಕಿ ಅಭ್ಯರ್ಥಿಯನ್ನು ಆರಿಸಲಿ ಎಂದು. ಆಸೆ ಒಳ್ಳೆಯದೇ. ಆದರೆ ಅಲ್ಲೂ ಮತ ಹಾಕುವವರು ಒಬ್ಬರು, ಆರಿಸುವವರು ಇನ್ನೊಬ್ಬರು ಆಗಿಬಿಡುವುದುಂಟು. ಇದನ್ನು ಒಂದು ರಾತ್ರಿ ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕತ್ತರಿ ಹಾಕಿಕೊಳ್ಳಿ.

ನಾನು ತಿಪಟೂರು ಕಡೆಯ ಒಂದು ಸಹಕಾರ ಸೊಸೈಟಿಯಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದವನು. ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಅಯೋವಾ ರಾಜ್ಯಕ್ಕೆ ಹೋಗಿದ್ದೆ. ಸುತ್ತಲೂ ಮುಸುಕಿನ ಜೋಳದ ಹೊಲ, ನಡುವೆ ಡಿ ಮಾಯ್ನ್ ಎಂಬ ರಾಜಧಾನಿ. 2012ರ ಜನವರಿ 3ರ ಸಂಜೆ ಪಕ್ಕದ ಮನೆಯ ಹಿರಿಯರು ಬಂದು, 'ಇವತ್ತು ನಮ್ಮ ಪಕ್ಷದ ಕಾಕಸ್, ಬನ್ನಿ, ಹಿಂದೆ ಕೂತು ನೋಡಬಹುದು' ಎಂದು ಕರೆದರು. ಟ್ರಾಕ್ಟರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗಳ ಮನೆಯಲ್ಲಿ ಎರಡು ತಿಂಗಳಿಂದ ತೊಟ್ಟಿಲು ತೂಗುತ್ತಿದ್ದ ನನಗೆ ಬೇರೆ ಏನು ಬೇಕು. ಹೊರಟೆ.

ಕಾಕಸ್ ಅಂದರೆ ಹೆದರಬೇಡಿ. ಒಂದು ಬೂತಿನ ವ್ಯಾಪ್ತಿಯ ಪಕ್ಷದವರು ಶಾಲೆಯಲ್ಲೋ ಚರ್ಚಿನಲ್ಲೋ ಸೇರುವ ಸಭೆ. ಅವತ್ತು ರಿಪಬ್ಲಿಕನ್ ಪಕ್ಷದವರು ಅಧ್ಯಕ್ಷ ಚುನಾವಣೆಗೆ ತಮ್ಮ ಅಭ್ಯರ್ಥಿ ಯಾರಾಗಬೇಕು ಎಂದು ಹೇಳಬೇಕಿತ್ತು. ನಮ್ಮದು ಒಂದು ಶಾಲೆಯ ಊಟದ ಹಾಲ್. ಪ್ರತಿ ಅಭ್ಯರ್ಥಿಯ ಪರ ಒಬ್ಬರು ಎದ್ದು ಎರಡು ಮಾತು ಆಡಿದರು. ಆಮೇಲೆ ಚೀಟಿ ಹಂಚಿದರು. ಹೆಸರು ಬರೆದು ಪಾಪ್‌ಕಾರ್ನ್ ಡಬ್ಬದಲ್ಲಿ ಹಾಕಿದರು. ಎಣಿಸಿದರು, ಕೂಗಿದರು. ಜನ ಚಪ್ಪಾಳೆ ತಟ್ಟಿ ಕೋಟು ಹಾಕಿಕೊಂಡರು.

ಆಗ ಸಭಾಧ್ಯಕ್ಷೆ ಮೈಕಿನಲ್ಲಿ, 'ಇನ್ನೂ ಮುಗಿದಿಲ್ಲ, ಕೌಂಟಿ ಸಭೆಗೆ ಡೆಲಿಗೇಟರನ್ನು ಆರಿಸಬೇಕು' ಅಂದರು. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ, ಡೆಲಿಗೇಟರು ಅಂದರೆ ಮುಂದಿನ ಸಭೆಗೆ ಹೋಗುವ ಪ್ರತಿನಿಧಿಗಳು. ಯಾರು ಕೇಳುತ್ತಾರೆ. ನಮ್ಮ ಪಕ್ಕದ ಮನೆಯವರಿಗಂತೂ ಟಿವಿಯಲ್ಲಿ ಫುಟ್‌ಬಾಲ್ ಇತ್ತು. ನನಗೆ ಮಾತ್ರ ಕಾಲು ಏಳಲಿಲ್ಲ. ಯಾಕೆಂದರೆ ಈ ದೃಶ್ಯ ನನಗೆ ಚೆನ್ನಾಗಿ ಗೊತ್ತು.

ನಮ್ಮ ಸೊಸೈಟಿಯ ವಾರ್ಷಿಕ ಮಹಾಸಭೆಗೆ ಮುನ್ನೂರು ಜನ ಬರುತ್ತಿದ್ದರು. ಪಲಾವ್, ಮೊಸರನ್ನ, ಲಾಡು ಪೊಟ್ಟಣ. ಊಟ ಆದ ಮೇಲೆ ಹನ್ನೊಂದು ಜನ. ಅಜೆಂಡಾದ ಕೊನೆಯ ಸಾಲು ಎಲ್ಲ ಕಡೆ ಒಂದೇ ಇರುತ್ತದೆ: 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು'. ಸೊಸೈಟಿಯ ಹಣೆಬರಹ ಬದಲಾಗುವುದು ಆ ಸಾಲಿನಲ್ಲೇ. ಬೆಳಿಗ್ಗೆ ಭಾಷಣಕ್ಕೆ ಚಪ್ಪಾಳೆ ತಟ್ಟಿದವರಿಗೆ ಅದು ಮುಂದಿನ ವರ್ಷ ಗೊತ್ತಾಗುತ್ತದೆ.

ಅವತ್ತು ಆ ಹಾಲಿನಲ್ಲಿ ಹದಿನೈದು ಜನ ಉಳಿದಿದ್ದರು. ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. ಒಬ್ಬ ಜೇಬಿನಿಂದ ಮಡಚಿದ ಕಾಗದ ತೆಗೆದ. ಯಾವಾಗ ಕೈ ಎತ್ತಬೇಕು, ಯಾವ ಹೆಸರು ಸೂಚಿಸಬೇಕು, ಎಲ್ಲ ಅದರಲ್ಲಿತ್ತು. ಅವರೆಲ್ಲ ರಾನ್ ಪಾಲ್ ಕಡೆಯವರು.

ರಾನ್ ಪಾಲ್ ಟೆಕ್ಸಸ್‌ನವರು, ಹೆರಿಗೆ ಡಾಕ್ಟರು, ಆಗ 76 ವರ್ಷ. ಅದೇ ಪಕ್ಷದ ಸಂಸದರಾದರೂ ಪಕ್ಷಕ್ಕೆ ಹೊರಗಿನವರೇ. ಯುದ್ಧ ಬೇಡ, ಅಲ್ಲಿನ ರಿಸರ್ವ್ ಬ್ಯಾಂಕೇ ಬೇಡ, ಸರ್ಕಾರ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು ಅನ್ನುತ್ತಿದ್ದರು. ಸಾಲ ಮನ್ನಾ ಲೆಡ್ಜರ್ ಬರೆದೇ ಬದುಕಿದ ನನಗೆ ಅವರ ಮಾತು ಒಂದೂ ಒಪ್ಪಿಗೆಯಿಲ್ಲ. ಆದರೆ ಅವರ ಹುಡುಗರ ನಿಷ್ಠೆ ಬೇರೆಯೇ ಥರ. 2007ರ ನವೆಂಬರ್ 5ರಂದು, ಒಂದೇ ದಿನದಲ್ಲಿ, ಇಂಟರ್‌ನೆಟ್ ಮೂಲಕ 40 ಲಕ್ಷ ಡಾಲರಿಗೂ ಜಾಸ್ತಿ ಕೂಡಿಸಿಕೊಟ್ಟವರು ಅವರು. ಅವತ್ತು ಆ ಹುಡುಗರು ನಮ್ಮ ಸೊಸೈಟಿಯ ಹಳೇ ಹುಲಿಗಳಿಗಿಂತ ಚೆನ್ನಾಗಿ ಬೈಲಾ ಓದಿಕೊಂಡು ಬಂದಿದ್ದರು. ಅದು ನನ್ನ ಬಾಯಲ್ಲಿ ಸಣ್ಣ ಹೊಗಳಿಕೆಯಲ್ಲ.

ಈಗ ಲೆಕ್ಕ ನೋಡಿ. ಆ ರಾತ್ರಿ ಇಡೀ ಅಯೋವಾದಲ್ಲಿ ಮಿಟ್ ರಾಮ್ನಿ 8 ಮತದಿಂದ ಗೆದ್ದರು ಎಂದು ಘೋಷಣೆಯಾಯಿತು. ಎರಡು ವಾರ ಬಿಟ್ಟು, ಇಲ್ಲ, ರಿಕ್ ಸ್ಯಾಂಟೋರಮ್ 34 ಮತದಿಂದ ಮುಂದೆ ಅಂದರು. ಪಾಲ್ ಮೂರನೆಯವರು, ನೂರಕ್ಕೆ 21. ಆದರೆ ಆ ಚೀಟಿಯ ಮತಕ್ಕೆ ಡೆಲಿಗೇಟರನ್ನು ಕಟ್ಟಿಹಾಕುವ ಶಕ್ತಿ ಇರಲಿಲ್ಲ, ಅದು ಬರೀ ಅಭಿಪ್ರಾಯ. ಶಾಲೆಯ ಹಾಲಿನಲ್ಲಿ ಉಳಿದವರು ಕೌಂಟಿ ಸಭೆಗೆ ಹೋದರು, ಅಲ್ಲೂ ಕೊನೆತನಕ ಕೂತರು, ಅಲ್ಲಿಂದ ಜಿಲ್ಲೆ, ರಾಜ್ಯ. ಆಗಸ್ಟ್‌ನಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ಪಕ್ಷದ ಮಹಾ ಅಧಿವೇಶನ, ಟಿಕೆಟ್ ಯಾರಿಗೆಂದು ಡೆಲಿಗೇಟರು ಮತ ಹಾಕುವುದು ಅಲ್ಲೇ. ಅಯೋವಾದ 28 ಮತಗಳಲ್ಲಿ 22 ರಾನ್ ಪಾಲ್‌ಗೆ, 6 ರಾಮ್ನಿಗೆ. ಸ್ಯಾಂಟೋರಮ್ ಏಪ್ರಿಲ್‌ನಲ್ಲೇ ಕಣ ಬಿಟ್ಟಿದ್ದರು ಅನ್ನಿ. ಆದರೂ ಎಣಿಕೆಯಲ್ಲಿ ಮೊದಲು ಬಂದವರ ಹೆಸರೇ ಇಲ್ಲ, ಮೂರನೆಯವರಿಗೆ ಮುಕ್ಕಾಲು ಪಾಲು. ಚೀಟಿ ಬರೆದು ಮನೆಗೆ ಹೋದ ಆ ಜನರಿಗೆ ಇದು ನ್ಯಾಯವಾ? ನನಗೆ ಹಾಗನ್ನಿಸಲಿಲ್ಲ. ಅಳಿಯನಿಗೆ ಫೋನಿನಲ್ಲಿ ಹೇಳಿದರೆ, 'ನಿಯಮ ಮೀರಿಲ್ಲವಲ್ಲ ಮಾವ' ಅಂದ. ಅದೂ ನಿಜವೇ. ನಿಯಮ ಮೀರದೆ ಅನ್ಯಾಯ ಮಾಡುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಒಂದು ಮಾತು. 50 ರಾಜ್ಯಗಳಲ್ಲಿ ಒಂದರಲ್ಲೂ ಆ ವರ್ಷ ಪಾಲ್ ಮತ ಎಣಿಕೆಯಲ್ಲಿ ಮೊದಲ ಸ್ಥಾನಕ್ಕೆ ಬರಲಿಲ್ಲ. ಟಿಕೆಟ್ ರಾಮ್ನಿಗೇ ಸಿಗುವುದು ಖಚಿತವಿತ್ತು. ಹಾಗಿದ್ದೂ ಪಕ್ಷದ ದೊಡ್ಡವರು ಹೆದರಿದರು. ನನಗೆ ತಮಾಷೆ ಅನ್ನಿಸುವುದು ಅವರು ಹೆದರಿ ಮಾಡಿದ ಕೆಲಸ.

ಮೇಯ್ನ್ ಎಂಬ ಚಿಕ್ಕ ರಾಜ್ಯದಲ್ಲಿ ಮೊದಲ ಘೋಷಣೆಯ ಪ್ರಕಾರ ರಾಮ್ನಿ ಪಾಲ್‌ಗಿಂತ 194 ಮತ ಮುಂದಿದ್ದರು. ಅಲ್ಲೂ ಹುಡುಗರು ರಾಜ್ಯ ಸಭೆಯಲ್ಲಿ ಕೊನೆತನಕ ಕೂತು 24ರಲ್ಲಿ 21 ಡೆಲಿಗೇಟ್ ಸ್ಥಾನ ಹಿಡಿದಿದ್ದರು. ಟ್ಯಾಂಪಾದಲ್ಲಿ ಪಕ್ಷ ಅವರಲ್ಲಿ 10 ಮಂದಿಯನ್ನು ತೆಗೆದು ರಾಮ್ನಿ ಕಡೆಯವರನ್ನು ಕೂರಿಸಿತು. ಆ ರಾಜ್ಯದ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಲೆಪೇಜ್ ಸಿಟ್ಟಾಗಿ ಅಧಿವೇಶನಕ್ಕೇ ಬರಲಿಲ್ಲ. ಅವರು ಅದೇ ಪಕ್ಷದವರು! ಅಲ್ಲಿಗೂ ನಿಲ್ಲಲಿಲ್ಲ, ಬೈಲಾಕ್ಕೇ ಕೈಹಾಕಿದರು. ಮೊದಲು ಒಬ್ಬ ಅಭ್ಯರ್ಥಿಗೆ ಐದು ರಾಜ್ಯಗಳ ತಂಡಗಳಲ್ಲಿ ಎಲ್ಲರಿಗಿಂತ ಜಾಸ್ತಿ ಡೆಲಿಗೇಟರಿದ್ದರೆ ಅಧಿವೇಶನದಲ್ಲಿ ಅವರ ಹೆಸರನ್ನು ಟಿಕೆಟ್‌ಗೆ ಸೂಚಿಸಬಹುದಿತ್ತು. ಅದನ್ನು ಎಂಟು ರಾಜ್ಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಂದು ಮಾಡಿದರು. ಇನ್ನು ಮುಂದೆ ರಾಜ್ಯದಲ್ಲಿ ಮತ ಹಾಕಿಸಿದರೆ ಆ ಲೆಕ್ಕಕ್ಕೆ ಡೆಲಿಗೇಟರು ಕಟ್ಟುಬಿದ್ದಿರಬೇಕು ಎಂದೂ ಸೇರಿಸಿದರು.

ಧ್ವನಿಮತಕ್ಕೆ ಹಾಕಿದರು. ವಿಡಿಯೊ ಇದೆ, ಮಗಳು ತೋರಿಸಿದಳು. 'ಹೌದು' ಎಂಬ ಕೂಗೂ 'ಇಲ್ಲ' ಎಂಬ ಕೂಗೂ ನನ್ನ ಕಿವಿಗೆ ಒಂದೇ ಸಮ ಕೇಳಿಸಿದವು. ಪೀಠದಲ್ಲಿದ್ದ ಜಾನ್ ಬೇನರ್, ಆಗ ಅಲ್ಲಿನ ಸಂಸತ್ತಿನ ಕೆಳಮನೆಯ ಸ್ಪೀಕರ್, 'ಹೌದು ಎಂದವರದ್ದೇ ಗೆಲುವು' ಎಂದು ಸುತ್ತಿಗೆ ಕುಟ್ಟಿದರು. ಆಮೇಲೆ ರಾಜ್ಯವಾರು ಮತ ಕರೆದಾಗ ವೇದಿಕೆಯಿಂದ ರಾಮ್ನಿಯ ಲೆಕ್ಕ ಮಾತ್ರ ಮತ್ತೆ ಹೇಳುತ್ತಿದ್ದರು. ಪಾಲ್‌ಗೆ ಬಂದದ್ದನ್ನು ನುಂಗಿಕೊಂಡರು. ನಾನೂ ಧ್ವನಿಮತದ ನಡಾವಳಿ ಬರೆದವನೇ. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಎಷ್ಟು ಸಲ ಬರೆದಿದ್ದೇನೋ, ಆ ಪುಸ್ತಕ ಈಗ ಯಾರೂ ತೆಗೆದು ನೋಡದಿದ್ದರೆ ಸಾಕು.

ಇಷ್ಟು ಭದ್ರವಾಗಿ ಬಾಗಿಲು ಹಾಕಿದರಲ್ಲ, ನಾಲ್ಕು ವರ್ಷಕ್ಕೆ ಇನ್ನೊಬ್ಬ ಹೊರಗಿನವರು ಬಂದರು. ಡೊನಾಲ್ಡ್ ಟ್ರಂಪ್. ಇವರು ಸಭೆಯಲ್ಲಿ ಕೂತು ಕಾಯುವವರಲ್ಲ, ನೇರವಾಗಿ ಮತ ಎಣಿಕೆಯಲ್ಲೇ ಗೆಲ್ಲುತ್ತ ಹೋದರು. ಈಗ ಸಭೆಯಲ್ಲಿ ಕೂರುವ ಪಾಠ ಕಲಿತಿದ್ದವರು ಟ್ರಂಪ್ ಎದುರು ನಿಂತಿದ್ದ ಟೆಡ್ ಕ್ರೂಜ್ ಕಡೆಯವರು. ಕೊಲರಾಡೊ ರಾಜ್ಯದಲ್ಲಿ ಪಕ್ಷದವರು ಮತವನ್ನೇ ಹಾಕಿಸದೆ ಸಭೆಗಳಲ್ಲೇ ಆಯ್ಕೆ ಮುಗಿಸಿದರು, ಆರಿಸಬೇಕಿದ್ದ 34 ಡೆಲಿಗೇಟರೂ ಕ್ರೂಜ್ ಪಾಲಾದರು. ಟ್ರಂಪ್ ಗೆದ್ದ ಕೆಲವು ರಾಜ್ಯಗಳಲ್ಲೂ ಕ್ರೂಜ್ ಕಡೆಯವರು ತಮ್ಮವರನ್ನೇ ಡೆಲಿಗೇಟ್ ಮಾಡಿಕೊಂಡರು. ಆದರೆ ಏನು ಪ್ರಯೋಜನ? 2012ರಲ್ಲಿ ಪಾಲ್ ಹುಡುಗರನ್ನು ಕಟ್ಟಲು ಹೊಸೆದ ಹಗ್ಗ ಈಗ ಇವರ ಕೈಗೇ ಬಿತ್ತು. ಮನಸ್ಸು ಒಂದು ಕಡೆ, ಮತ ಟ್ರಂಪ್‌ಗೆ. ಕ್ಲೀವ್‌ಲ್ಯಾಂಡ್ ಅಧಿವೇಶನದಲ್ಲಿ 'ನಮ್ಮನ್ನು ಬಿಚ್ಚಿ, ಮನಸ್ಸು ಬಂದವರಿಗೆ ಮತ ಹಾಕುತ್ತೇವೆ' ಎಂದು ಗಲಾಟೆ ಮಾಡಿದರು. ಅಲ್ಲೂ ಧ್ವನಿಮತ, ಅಲ್ಲೂ ಸುತ್ತಿಗೆ. ಇನ್ನು ಆ ಎಂಟು ರಾಜ್ಯದ ನಿಯಮದ ಮುಂದೆ, ಬರೀ ಒಹಾಯೊ ಗೆದ್ದಿದ್ದ ಗವರ್ನರ್ ಕೇಸಿಕ್ ಹೆಸರು ಸೂಚಿಸುವ ಮಾತೇ ಇರಲಿಲ್ಲ. ಟ್ರಂಪ್ ಗೆದ್ದದ್ದು ಜನರ ಮತದಿಂದಲೇ, ನಿಯಮದಿಂದಲ್ಲ. ಆದರೆ ಅವರನ್ನು ತಡೆಯಬೇಕು ಅಂದುಕೊಂಡವರ ಕೈ ಕಟ್ಟಿದ್ದು ಅವರದೇ ಪಕ್ಷದ ದೊಡ್ಡವರು ಬರೆದ ಬೈಲಾ.

ಆದ್ದರಿಂದ ನಿಮ್ಮ ಪತ್ರ ಬರೆದವರಿಗೆ ನನ್ನದೊಂದು ಪ್ರಶ್ನೆ. ನಮ್ಮಲ್ಲಿ ಪಕ್ಷದೊಳಗೆ ಮತ ಹಾಕಿಸಿ ಅಭ್ಯರ್ಥಿ ಆರಿಸುವುದು ಶುರುವಾದರೆ ಅದರ ಬೈಲಾ ಯಾರು ಬರೆಯುತ್ತಾರೆ, ಯಾವಾಗ ತಿದ್ದಬಹುದು? ಚೀಟಿಯ ಮತಕ್ಕೆ ಬೆಲೆಯೋ, ಸಭೆಯಲ್ಲಿ ಕೊನೆತನಕ ಕೂತವರಿಗೆ ಬೆಲೆಯೋ? ಇದನ್ನು ಮೊದಲೇ ಕೇಳಿಕೊಳ್ಳದೆ ಸುಮ್ನೆ 'ಅಮೆರಿಕದ ಹಾಗೆ' ಅಂದರೆ ನನ್ನಂಥ ಕಾರ್ಯದರ್ಶಿಗಳಿಗೆ ಹಬ್ಬ. ಒಂದು ಹಳ್ಳಿಯಿಂದ ಹನ್ನೊಂದು ಜನ ನಿಷ್ಠಾವಂತರು ಸಿಕ್ಕರೆ ಸಾಕು, ಊಟದ ಖರ್ಚು ಮಾತ್ರ ನೋಡಿಕೊಳ್ಳಬೇಕು.

ನಮ್ಮ ಪಕ್ಕದ ಮನೆಯ ಹಿರಿಯರ ವಿಷಯ ಹೇಳಿಬಿಡುತ್ತೇನೆ. 2016ರ ಫೆಬ್ರುವರಿಯ ಕಾಕಸ್‌ಗೂ ಹೋದರಂತೆ. ಮಗಳು ಫೋನ್ ಮಾಡಿದ್ದಳು. ಈ ಸಲ ಚೀಟಿ ಹಾಕಿ ಎದ್ದು ಬರಲಿಲ್ಲ, ರಾತ್ರಿ ಒಂಬತ್ತೂವರೆತನಕ ಕೂತು, ಕೈ ಎತ್ತಿ, ಕೌಂಟಿ ಸಭೆಗೆ ಬದಲಿ ಡೆಲಿಗೇಟ್ ಆಗಿ ಬಂದರಂತೆ. ಮಾರನೆ ದಿನ ಬೇಲಿ ಹತ್ತಿರ ನಿಂತು ಅವಳಿಗೆ ಹೇಳಿದ್ದು ಒಂದೇ ದೂರು: ಅಷ್ಟು ಹೊತ್ತು ಕೂರಿಸಿಕೊಂಡು ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲ.

– ನಿವೃತ್ತ ಸೊಸೈಟಿ ಕಾರ್ಯದರ್ಶಿ, ತಿಪಟೂರು